ಓದದೆ ಬಿಟ್ಟ ಕೊನೆಯ ಅಧ್ಯಾಯ

ಏಳು ವರ್ಷ ನಾನು ಮಾತು ಬಿಟ್ಟಿದ್ದ ಹುಡುಗಿ ಒಂದು ಸೋಮವಾರ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ನಮ್ಮ ಪ್ಲಾಸ್ಟರ್ ರೂಮಿಗೆ ಬಂದಳು. ದಾದರ್ ಬ್ರಿಡ್ಜಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಪರೇಲಿನ ಈ ಆಸ್ಪತ್ರೆಯಲ್ಲಿ ಮುರಿದ ಕೈಕಾಲಿಗೆ ಹತ್ತಿ ಸುತ್ತಿ ಪ್ಲಾಸ್ಟರ್ ಹಾಕುವುದು ನನ್ನ ಕೆಲಸ. ದಿನಕ್ಕೆ ಇಪ್ಪತ್ತು ಕೈ ಹಿಡಿಯುತ್ತೇನೆ, ಎಂದೂ ನಡುಗಿದವನಲ್ಲ. ಅವತ್ತು ಬ್ಯಾಂಡೇಜಿನ ಸುರುಳಿ ಎರಡು ಸಲ ನೆಲಕ್ಕೆ ಬಿತ್ತು.

"ಇನ್ನೂ ಸಿಟ್ಟು ಹೋಗಿಲ್ಲೇನು ಶರಣ?" ಎಂದಳು ಭುವನೇಶ್ವರಿ.

"ಕೈ ಅಳ್ಳಾಡಸಬ್ಯಾಡ."

"ಅಳ್ಳಾಡಾಕತ್ತಿದ್ದು ನಿಂದು."

ನಿಜವೇ. ಅದಕ್ಕೇ ಮುಖ ಇನ್ನಷ್ಟು ಗಂಟು ಹಾಕಿಕೊಂಡೆ. ಅವಳು ಬಗ್ಗಿ, ಕೆಳಗಿನಿಂದ ನನ್ನ ಮುಖ ನೋಡಿ ನಕ್ಕಳು. ನೋವಿನಲ್ಲೂ ನಗುವ ಅಭ್ಯಾಸ ಅವಳಿಗೆ ನಾವು ಒಂದೇ ವಠಾರದ ಚಾಳಿನಲ್ಲಿದ್ದ ದಿನಗಳಿಂದಲೂ ಇದೆ. ಆಗ ನನಗದು ತುಂಬಾ ಇಷ್ಟ. ಈಗ ಕಿರಿಕಿರಿ ಎಂದು ನನಗೆ ನಾನೇ ಹೇಳಿಕೊಂಡೆ.

"ಮುಂದಿನ ಸೋಮವಾರ ನನ್ನ ಇಂಗ್ಲಿಷ್ ಪೇಪರ್ ಐತಿ. ಡಿಗ್ರೀದು ಕಡೀ ಪೇಪರ್, ತಪ್ಪಿದ್ರ ಇಡೀ ವರ್ಷ ಹೋಗತೈತಿ. ನಾ ಹೇಳಿದ್ದು ಬರ್ಯಾಕ ರೈಟರ್ ಬೇಕು. ನನ್ನ ಗೆಳತಿ ಯಕ್ಷಿತಾ ಬರ್ತೇನಿ ಅಂದ್ಲು, ಆದ್ರ ಅಕೀನೂ ನನ್ನ ಕ್ಲಾಸೇ, ಕಾಲೇಜಿಗೆ ಫೋನ್ ಮಾಡಿ ಕೇಳಿದ್ರ ಬ್ಯಾಡ ಅಂದ್ರು. ನನಗಿಂತ ಕಡಿಮಿ ಓದಿದವರು ಬೇಕಂತ."

"ಹನ್ನೆರಡನೇ ಕ್ಲಾಸಿಗೆ ಓದು ಬಿಟ್ಟಾಂವ ನಾನು. ಅದಕ್ಕ ನೆನಪಾತೇನು?"

"ನಿನ್ನ ಅಕ್ಷರ ಚಂದ ಅದಾವ. ಅದಕ್ಕ ನೆನಪಾತು."

ಇಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ಹ್ಞೂಂ ಎಂದುಬಿಟ್ಟೆ.

ನನ್ನ ಸಿಟ್ಟಿಗೆ ಕಾರಣ ಒಂದು ಪುಸ್ತಕ. ನಾವಿಬ್ಬರೂ ಒಂದೇ ಚಾಳಿನಲ್ಲಿ, ಅಕ್ಕಪಕ್ಕದ ಖೋಲಿಗಳಲ್ಲಿ ಬೆಳೆದವರು. ಗಾಳಿಯನ್ನು ಬಾಟಲಿಯಲ್ಲಿ ತುಂಬಿ ಊರೂರಿಗೆ ಒಯ್ಯುವ ಹುಡುಗಿಯ ಕಥೆ ಆ ಪುಸ್ತಕ, ನನ್ನ ಬಳಿ ಇದ್ದ ಒಂದೇ ಇಂಗ್ಲಿಷ್ ಕಾದಂಬರಿ. ನಾಲ್ಕು ವರ್ಷದಲ್ಲಿ ಭುವನಾ ಅದನ್ನು ಆರು ಸಲ ಕೇಳಿ ಒಯ್ದಿದ್ದಳು. ಕೊನೆ ಹೇಗನ್ನಿಸಿತು ಎಂದರೆ ಮಾತ್ರ ಮಾತು ತೇಲಿಸುತ್ತಿದ್ದಳು.

ನಮಗೆ ಹದಿನೈದಾದಾಗ ಚಾಳು ಕೆಡವುತ್ತಾರೆಂದು ನೋಟಿಸು ಬಂತು. ಅವಳ ಮನೆಯವರು ಕಲ್ಯಾಣಕ್ಕೆ, ನಾವು ಘಾಟ್ಕೋಪರಿಗೆ. ಆಗ ನಾನು ಆ ಪುಸ್ತಕದ ಕೊನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದು ಏಳನೇ ಸಲ ಕೊಟ್ಟೆ. ಎರಡು ದಿನ ಬಿಟ್ಟು ಅವಳು "ಥ್ಯಾಂಕ್ಸ್ ಶರಣ" ಎಂದು ನಗುತ್ತಾ ವಾಪಸು ಕೊಟ್ಟಳು. ಆ ಸಾಲುಗಳ ಬಗ್ಗೆ ಒಂದು ಮಾತಿಲ್ಲ. ಅವತ್ತಿನಿಂದ ನನ್ನದೂ ಮಾತಿಲ್ಲ.

ಪರೀಕ್ಷೆಯ ದಿನ ಆ ಪುಸ್ತಕವನ್ನು ಬ್ಯಾಗಿನಲ್ಲಿ ಹಾಕಿಕೊಂಡೇ ಅವಳ ಕಾಲೇಜಿಗೆ ಹೋದೆ. ಪೇಪರ್ ಮುಗಿದ ಮೇಲೆ ಅವಳ ಮುಂದಿಟ್ಟು, ಬೇಡ ಎನ್ನುವ ಒಂದು ಮಾತಿಗೂ ನಾನು ಯೋಗ್ಯನಿರಲಿಲ್ಲವೇ ಎಂದು ಕೇಳುವುದಿತ್ತು. ಬ್ಯಾಗು ಬಾಗಿಲ ಹೊರಗೆ ಉಳಿಯಿತು. ಒಳಗೆ ಒಂದು ಬೆಂಚು, ನಾವಿಬ್ಬರು, ಎದುರಿಗೆ ಕಾವಲಿಗೆ ಒಬ್ಬ ಮರಾಠಿ ಮೇಡಂ. ನಿಯಮ ಸರಳ. ಅವಳು ಹೇಳಬೇಕು, ನಾನು ಬರೆಯಬೇಕು, ನನ್ನ ಬಾಯಿಂದ ಒಂದಕ್ಷರ ಬರಕೂಡದು.

ಐದನೇ ಪ್ರಶ್ನೆ, ಹದಿನೈದು ಮಾರ್ಕ್ಸು: ಬಾಲ್ಯದಲ್ಲಿ ನಿಮಗೆ ಇಷ್ಟವಾಗಿದ್ದ ಫ್ಯಾಂಟಸಿ ಕಾದಂಬರಿಯ ವಿಮರ್ಶೆ.

ಭುವನಾ ಪ್ರಶ್ನೆ ಓದಿ ನನ್ನತ್ತ ಒಂದು ಕಳ್ಳನೋಟ ಬೀರಿದಳು. ನಾನು ಪೆನ್ನಿನ ತುದಿ ನೋಡಿದೆ. ಅವಳು ಇಂಗ್ಲಿಷಿನಲ್ಲಿ ಶುರು ಮಾಡಿದಳು, ನನಗದು ಚಾಳಿನಲ್ಲಿ ಖೋಲಿ ಮುಂದಿನ ಗ್ಯಾಲರಿಯಲ್ಲಿ ಕೂತು ಹೇಳಿದಂತೆಯೇ ಕೇಳುತ್ತಿತ್ತು.

ಬಾಟಲಿಯ ಗಾಳಿ, ಉಸಿರುಗಟ್ಟಿದ ಊರು, ಕಲ್ಲಿನ ಗೋಪುರದವರೆಗೂ ಹುಡುಗಿ ಒಬ್ಬಳೇ ನಡೆದದ್ದು, ಎಲ್ಲ ಹೇಳಿದಳು. ಭಾಷೆ ಸುಲಭ, ನಡುವೆ ಎರಡು ಅಧ್ಯಾಯ ತುಸು ಉದ್ದ ಎಂದಳು. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ದನಿ ತಗ್ಗಿತು.

"ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಈ ಪುಸ್ತಕದ ಕೊನೆಯ ಅಧ್ಯಾಯವನ್ನು ಈವರೆಗೂ ಓದಿಲ್ಲ."

ನನ್ನ ಪೆನ್ನು ನಿಂತಿತು.

"ಪುಸ್ತಕ ಪಕ್ಕದ ಮನೆಯ ಹುಡುಗನದು. ಪೂರ್ತಿ ಓದಿಬಿಟ್ಟರೆ ಮತ್ತೆ ಕೇಳಲು ನೆಪ ಉಳಿಯುತ್ತಿರಲಿಲ್ಲ. ಅದಕ್ಕೇ ಪ್ರತಿ ಸಲವೂ ಕೊನೆಯ ಅಧ್ಯಾಯ ಬಿಟ್ಟು ವಾಪಸು ಕೊಡುತ್ತಿದ್ದೆ. ಏಳನೇ ಸಲ ಕೊಟ್ಟ ಮೇಲೆ ಅವನು ಮಾತು ಬಿಟ್ಟ. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ."

"ಭುವನಾ, ನಾ..."

"ಬೋಲಾಯ್ಚ ನಾಹಿ," ಎಂದರು ಮೇಡಂ. ಮಾತಾಡುವ ಹಾಗಿಲ್ಲ, ಇನ್ನೊಮ್ಮೆ ಬಾಯಿ ತೆರೆದರೆ ಪೇಪರ್ ಕಸಿದುಕೊಳ್ಳುತ್ತೇನೆ ಎಂದರು.

ಇನ್ನೂ ಎರಡು ಪ್ರಶ್ನೆ ಇದ್ದವು, ಮೂವತ್ತೈದು ನಿಮಿಷ. ಎದ್ದು ಹೋಗಿ ಬ್ಯಾಗು ತರೋಣವೆಂದು ಕಾಲು ತಾನಾಗಿ ಅಲುಗುತ್ತಿತ್ತು. ಏಳು ವರ್ಷ ಸಾಕಿದ ಸಿಟ್ಟಿಗೆ ಬುಡವೇ ಇಲ್ಲವೆಂದು ತಿಳಿದವನು ಮುಂದಿನ ಪ್ರಶ್ನೆಯ ಅಪ್ಲಿಕೇಶನ್ ಲೆಟರ್ ಬರೆಯಬೇಕಿತ್ತು. ಬರೆದೆ. ಅಕ್ಷರ ಕೆಟ್ಟರೆ ಅವಳ ವರ್ಷ ಹೋಗುತ್ತದೆಂದು ಒಂದೊಂದನ್ನೂ ತಿದ್ದಿ ಬರೆದೆ. ನನ್ನ ಜೀವನದಲ್ಲಿ ಗಡಿಯಾರ ಅಷ್ಟು ನಿಧಾನ ನಡೆದದ್ದಿಲ್ಲ.

ಗಂಟೆ ಹೊಡೆದು ಹೊರಬಿದ್ದಾಗ ಐದು. ನಾನು ಬ್ಯಾಗು ಎತ್ತಿಕೊಂಡು ಪರೇಲ್ ಸ್ಟೇಷನ್ನಿನವರೆಗೂ ಬಿರಬಿರನೆ ನಡೆದೆ, ಅವಳು ಪ್ಲಾಸ್ಟರಿನ ಕೈ ಎತ್ತಿಕೊಂಡು ಹಿಂದೆ.

"ಓಡ್ತೀ ಯಾಕೋ? ಸಿಟ್ಟು ಬಂತೇನು?"

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಪುಸ್ತಕ ತೆಗೆದೆ. ಅವಳ ನಗು ಅಲ್ಲಿಗೇ ನಿಂತಿತು.

"ಇನ್ನೂ ಇಟ್ಟೀ?"

"ಕೊನೀ ಅಧ್ಯಾಯ ಓದು."

"ಮುಗಿದು ಹೋಗತೈತಿ ಶರಣ."

"ಓದು ಭುವನಾ. ನಿನ್ನ ಕೈ ಮುಗೀತೇನಿ."

ಅವಳು ಎಡಗೈಯಲ್ಲಿ ಪುಸ್ತಕ ಹಿಡಿದಳು, ಪುಟ ತಿರುವಲು ಇನ್ನೊಂದು ಕೈ ಇರಲಿಲ್ಲ. ನಾನು ತಿರುವಿದೆ. ಹನ್ನೊಂದು ಪುಟ. ಪುಟದ ಕೊನೆ ಬಂದಾಗ ಅವಳು ಗಲ್ಲ ಸ್ವಲ್ಪ ಎತ್ತುವಳು, ನಾನು ತಿರುವುವೆ. ಲೋಕಲ್‌ಗಳು ಬಂದು ಹೋಗುತ್ತಿದ್ದವು. ಒಂದು ಪುಟದಲ್ಲಿ ಎರಡು ಸಲ ಹಿಂದಕ್ಕೆ ಹೋಗಿ ಓದಿದಳು. ನನಗೆ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಕೊನೆಯ ಪುಟದಲ್ಲಿ ಗೋಪುರದ ಬಾಗಿಲು ತೆರೆಯಿತು. ಕೆಳಗೆ ಮಾಸಿದ ಪೆನ್ಸಿಲಿನ ಅಕ್ಷರ. ಅವಳು ಮೆಲ್ಲಗೆ, ನನ್ನ ಹದಿನೈದರ ಬಿಗುಮಾನ ಸಮೇತ, ಓದಿದಳು.

"ಭುವನಾ, ನೀ ಅಂದ್ರ ನನಗ ಭಾಳ ಇಷ್ಟ. ನಿನಗೂ ಹಂಗ ಇದ್ರ ಪುಸ್ತಕ ವಾಪಸ್ ಕೊಟ್ಟ ದಿನ ಸಂಜಿ ಆರಕ್ಕ ಮಾಳಿಗಿ ಮ್ಯಾಲಿನ ಗಚ್ಚಿಗೆ ಬಾ. ಬರಲಿಲ್ಲಂದ್ರ ಇಲ್ಲಾ ಅಂತ ತಿಳೀತೇನಿ. ಮತ್ತ ಎಂದೂ ಕೇಳಂಗಿಲ್ಲ."

ಓದಿ ಮುಗಿಸಿ ಅವಳು ತಲೆ ಎತ್ತಿದಳು. ಕಣ್ಣು ತುಂಬಿದ್ದವು.

"ಎಷ್ಟೊತ್ತು ಕಾದಿ?"

"ಅವ್ವ ಹುಡುಕಿಕೊಂಡು ಬರೂತನ."

"ಬಾಯಿಬಿಟ್ಟು ಒಮ್ಮಿ ಕೇಳಿದ್ರ ಏನಾಗತಿತ್ತು?"

ನಾನು ಅವಳ ಕೈಯಲ್ಲಿದ್ದ ಪುಸ್ತಕ ಮುಚ್ಚಿದೆ. ಅವಳೇ ಮೂಗೆಳೆದು ದೂರದ ಟವರ್ ನೋಡಿದಳು. ನಮ್ಮ ಚಾಳು ಇದ್ದದ್ದು ಅಲ್ಲೇ.

"ಆ ಗಚ್ಚಿ ಈಗಿಲ್ಲ."

"ಇಲ್ಲ. ವಾಚ್‌ಮನ್ ಗೇಟಿನೊಳಗೂ ಬಿಡಂಗಿಲ್ಲ."

ಅವಳು ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿದಳು. ಐದೂ ನಲವತ್ತೆಂಟು. ಪುಸ್ತಕವನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಇನ್ನ ಹನ್ನೆರಡು ನಿಮಿಷ ಐತಿ. ಇಲ್ಲೇ ಕೂಡು. ಮಾತಾಡಬ್ಯಾಡ."

ಮಾತಾಡಲಿಲ್ಲ. ಮೂರು ಲೋಕಲ್ ಬಿಟ್ಟೆವು. ಗಡಿಯಾರದಲ್ಲಿ ಆರಾದಾಗ ಅವಳು ಬೆಂಚಿನಿಂದ ಎದ್ದು, ನನ್ನ ಎದುರಿಗೆ ಬಂದು ನಿಂತು, ನಾನೇ ಕಟ್ಟಿದ ಪ್ಲಾಸ್ಟರಿನ ಕೈಯನ್ನು ನನ್ನ ಹೆಗಲ ಮೇಲಿಟ್ಟಳು.

"ಬಂದೀನಿ ನೋಡು," ಎಂದಳು.