ಯಂಕಮ್ಮನ ಡಬ್ಬ

ನಾನು ದೆವ್ವ ಗಿವ್ವ ನಂಬುವವಳಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಇಂದಿರಾನಗರದ ನಮ್ಮ ಆಫೀಸಿನಿಂದ ಮದುವೆಮನೆಗಳಲ್ಲಿ ಮಿಕ್ಕ ಊಟವನ್ನು ಬೇಕಾದ ಸಂಘಗಳಿಗೆ ಕಳಿಸುತ್ತೇವೆ. ಸಂಘಗಳ ವಿವರವೆಲ್ಲ ಹಲವು ಆಫೀಸುಗಳು ಸೇರಿ ಬಳಸುವ ಒಂದೇ ಡೇಟಾಬೇಸಿನಲ್ಲಿದೆ. ಮುಚ್ಚಿಹೋದ ಸಂಘಗಳ ಪ್ರೊಫೈಲ್ ಅಳಿಸುವುದು ನನ್ನ ಕೆಲಸ.

ಯಂಕಮ್ಮ ತೀರಿಕೊಂಡ ಮೇಲೆ ಮರ್ಫಿ ಟೌನಿನ ಅವರ ಮಹಿಳಾ ಸಂಘವೂ ಮುಚ್ಚಿತು. ರಾಯಚೂರು ಕಡೆಯ ಆ ಮುದುಕಿ ನಮ್ಮ ಡಬ್ಬವನ್ನು ಎಂದೂ ಖಾಲಿ ವಾಪಸ್ ಕಳಿಸಿದವರಲ್ಲ. “ಖಾಲಿ ಡಬ್ಬಿ ಹ್ಯಾಂಗ ಕಳಸ್ಲಿ ಭವ್ಯಾ? ಚಲೋ ಅಲ್ಲವ್ವಾ” ಎಂದು ಫೋನಿನಲ್ಲೇ ಗದರಿ, ತಳದಲ್ಲಿ ಒಂದು ಹಿಡಿ ಶೇಂಗಾ ಚಟ್ನಿಪುಡಿ ಹಾಕುತ್ತಿದ್ದರು.

ಮನಸ್ಸಿಲ್ಲದ ಮನಸ್ಸಿನಿಂದ ಅವರ ಸಂಘದ ಪ್ರೊಫೈಲ್ ಅಳಿಸಿದೆ. ಊಟ ಮುಗಿಸಿ ಬಂದರೆ ಅದು ಮತ್ತೆ ಅಲ್ಲೇ ಇತ್ತು. ಬೇರೆ ಆಫೀಸಿನವರು ಸೇರಿಸಿರಬೇಕೆಂದು ಮತ್ತೆ ಅಳಿಸಿದೆ. ಎಸಿ ರೂಮಿನಲ್ಲಿ ಶೇಂಗಾ ಹುರಿದ ವಾಸನೆ ಎದ್ದಿತು. ಭಯವಾಗಲಿಲ್ಲ, ಹಸಿವಾಯಿತು.

ಮಾರನೆಯ ದಿನವೂ ಪ್ರೊಫೈಲ್ ಇತ್ತು, ವಾಸನೆಯೂ ಇತ್ತು. ಪ್ರೊಫೈಲ್ ಇದ್ದದ್ದರಿಂದ ಸಿಸ್ಟಮ್ ತನ್ನಷ್ಟಕ್ಕೆ ತಾನೇ ಡ್ರೈವರನ ಕೈಲಿ ಅಲ್ಲಿಗೆ ಊಟ ಕಳಿಸಿಬಿಟ್ಟಿತ್ತು.

ಮಧ್ಯಾಹ್ನ ಡ್ರೈವರ್ ಬಸು ಏದುಸಿರು ಬಿಡುತ್ತಾ ಡಬ್ಬ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟ. “ಬೀಗ ಹಾಕಿತ್ತು ಮೇಡಂ. ಮುಚ್ಚಳಾನೂ ತೆಗೀದೆ ಹಂಗೇ ತಂದ್ಬಿಟ್ಟೆ. ಅನ್ನ ಕೆಡೋಕ್ ಮುಂಚೆ ಯಾರಿಗಾದ್ರೂ ಕೊಟ್ಬಿಡಿ.”

ಮುಚ್ಚಳ ತೆಗೆದೆ. ಅನ್ನವಿರಲಿಲ್ಲ. ಡಬ್ಬವನ್ನು ಯಾರೋ ತೊಳೆದು ಒರೆಸಿಟ್ಟ ಹಾಗಿತ್ತು. ತಳದಲ್ಲಿ ಒಂದು ಹಿಡಿ ಚಟ್ನಿಪುಡಿ ಇತ್ತು, ಮುಟ್ಟಿದರೆ ಇನ್ನೂ ಬಿಸಿ.