ಹವಳದಷ್ಟು ನಿಧಾನ

"ನಿಲ್ಲಿ! ಒದ್ದೆ ಕಾಲಲ್ಲಿ ಒಳಗೆ ಬರಬೇಡಿ!" ಸಂಶೋಧಕಿ ಗದರಿದಳು.

ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ ಮುಳುಗುಗಾರನ ಕೂದಲಿನಿಂದ ಇನ್ನೂ ಕಡಲು ತೊಟ್ಟಿಕ್ಕುತ್ತಿತ್ತು. ಅಂಗೈಯಲ್ಲಿ ಎರಡು ಸೀಸೆ, ಎರಡರಲ್ಲೂ ನೋಡಲು ಒಂದೇ ಥರದ, ಉಗುರಿನಷ್ಟು ಕಲ್ಲುಹವಳ.

"ಎರಡೂ ಬೇರೆ ಬೇರೆ ಜಾತಿ. ಒಂದಕ್ಕಂತೂ ಬಂಡೆಯಾಚೆ ಆಳಕ್ಕೆ ಇಳೀಬೇಕಾಯ್ತು," ಎಂದು ನಕ್ಕ.

ಅವಳ ಸಿಟ್ಟು ಎಲ್ಲಿಗೆ ಹೋಯಿತೋ!

ಆಮೇಲೆ ಅವನು ಬರುವ ಹೊತ್ತಿಗೆ ಅವಳೇ ಬಾಗಿಲಿಗೆ ಹಳೆಯ ಟವೆಲ್ ಹಾಸಿಡತೊಡಗಿದಳು. ಮೀನುಗಳ ಸಂಶೋಧನೆ ಬಿಟ್ಟು ಹವಳಕ್ಕೆ ಹೊಸದಾಗಿ ಬಂದವಳು, ಅದಕ್ಕೇ ಅವನ ಬಾಯಲ್ಲಿ 'ಮೀನಮ್ಮ'. ಅವನು ಆಳದ ನೀಲಿಯ ಬಗ್ಗೆ ಹೇಳುತ್ತಿದ್ದರೆ ಇಡೀ ಲ್ಯಾಬೇ ನೀರೊಳಗೆ ತೇಲಿದಂತೆ ಅನಿಸುತ್ತಿತ್ತು...

ಅಷ್ಟರಲ್ಲಿ ಆ ಎರಡು ಹವಳಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗೆ ತನ್ನದೇ ಪುಟ್ಟ ಡಿಎನ್‌ಎ ಇರುತ್ತದೆ. ಎರಡೂ ಹವಳಗಳಲ್ಲಿ ಅದು ಅಕ್ಷರಕ್ಕೆ ಅಕ್ಷರ ಒಂದೇ! ಬೇರೆ ಜಾತಿಯ ಮೀನುಗಳಾಗಿದ್ದರೆ ವ್ಯತ್ಯಾಸ ಎದ್ದು ಕಾಣಬೇಕಿತ್ತು.

'ಹಾಗಾದರೆ... ಒಂದೇ ಹವಳ ಮುರಿದು ಎರಡು ಸೀಸೆಗೆ ಹಾಕಿದನೇ?' ಅವನು ಬಂದು ಟವೆಲ್ ಮೇಲೆ ಕಾಲಿಟ್ಟೊಡನೆ ಕೇಳಿಯೇಬಿಟ್ಟಳು.

"ಯಾಕೆ ಸುಳ್ಳು ಹೇಳಿದ್ರಿ? ಇಳಿಯೋಕೆ ಬೇಜಾರಾಗಿದ್ರೆ ಹೇಳ್ಬೋದಿತ್ತಲ್ಲ!"

ಅವನ ಮುಖ ಕಪ್ಪಿಟ್ಟಿತು. "ನನ್ನನ್ನ ಇಷ್ಟೇನಾ ನಂಬಿದ್ದು? ಸರಿ ಬಿಡಿ."

ಕಾಲಡಿಯ ಟವೆಲ್ ಮಡಿಚಿಟ್ಟು ಹೊರಟೇಬಿಟ್ಟ.

ವಾರ ಕಳೆಯಿತು. ಲ್ಯಾಬಿನ ಹಿರಿಯಕ್ಕ ಸುದ್ದಿ ತಂದಳು. "ದೂರ ಹೋಗೋ ಹಡಗಿಗೆ ಸೇರ್ಕೊಂಡನಂತೆ, ನಾಳೆ ಹೊರಡ್ತಾನೆ. ಅದೇನಂದೆ ಅವನಿಗೆ?"

ಎಲ್ಲ ಕೇಳಿ ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದಿ! ಹವಳ ಮೀನಲ್ಲ ಕಣೇ. ಇವುಗಳ ಮೈಟೊಕಾಂಡ್ರಿಯಾದ ಡಿಎನ್‌ಎ ಬದಲಾಗೋದು ಬಲು ನಿಧಾನ. ಜಾತಿ ಬೇರೆಯಾದ್ರೂ ಎಷ್ಟೋ ಕಾಲ ಒಂದೇ ಥರ ಇರತ್ತೆ. ಅದಕ್ಕಿಂತ ಬೇಗ ಬದಲಾಗೋ ಕೋಶಕೇಂದ್ರದ ಜೀನುಗಳೂ ಅದೇ ಫೈಲಲ್ಲಿವೆ, ನೋಡು."

ನೋಡಿದಳು. ಅಲ್ಲಿ ಎರಡು ಹವಳಗಳೂ ಬೇರೆ ಬೇರೆಯೇ! ಅವನು ಹೇಳಿದ್ದು ನಿಜ...

ಹಡಗುಕಟ್ಟೆಗೆ ಓಡಿದಳು. ಅವನು ಮುಳುಗುವಾಗ ಉಸಿರಾಡುವ ಗಾಳಿಯ ಸಿಲಿಂಡರುಗಳಿಗೆ ಹಗ್ಗ ಬಿಗಿಯುತ್ತಿದ್ದ.

"ತಪ್ಪು ನಂದೇ. ವಿಚಾರಿಸದೆ ನಿಮ್ಮನ್ನ ಅನುಮಾನಿಸಿದೆ... ಹೋಗ್ಬೇಡಿ ಅನ್ನೋ ಹಕ್ಕು ನನಗಿಲ್ಲ. ಆದ್ರೆ ಹೇಳದೆ ಇರೋಕಾಗಲ್ಲ. ನಿಮ್ಮನ್ನ ಪ್ರೀತಿಸ್ತೀನಿ!"

ಅವನ ಕೈಯ ಹಗ್ಗ ಸಡಿಲವಾಯಿತು.

"ನನ್ನ ಕೋಪ ಇಳಿಯೋಕೆ ಟೈಮ್ ಬೇಕು, ಮೀನಮ್ಮ."

"ಎಷ್ಟು?"

"ಹವಳದಷ್ಟು."

ಅವಳ ಕಣ್ಣು ತುಂಬಿತು. ಅವನು ಸಿಲಿಂಡರನ್ನು ಹಡಗಿನ ಬದಲು ತನ್ನ ಹೆಗಲಿಗೇರಿಸಿಕೊಂಡ.

"ಅಷ್ಟು ಕಾಲ ದೂರ ಇದ್ದು ಕೋಪ ಮಾಡ್ಕೊಳ್ಳೋಕೆ ನನ್ನಿಂದಾಗಲ್ಲ. ಈ ಹಡಗಿಗೆ ಬೇರೆ ಯಾರಾದ್ರೂ ಸಿಗ್ತಾರೆ... ಬಾಗಿಲಲ್ಲಿ ಟವೆಲ್ ಇದ್ಯಾ?"

"ನೀವು ಹೋದ ದಿನಾನೇ ಮತ್ತೆ ಹಾಸಿದೀನಿ," ಎಂದಳು ಅವಳು.