ನಕ್ಷೆಯ ಮೇಲೆ ಚಹಾ ಲೋಟ

“ಅಲ್ಲಾಡಿದ್ರೆ ಕುಯ್ದುಬಿಡ್ತೀನಿ, ತಾತ!”

ನನ್ನ ಗಂಟಲ ಮೇಲೆ ಚಾಕು. ಕಾಗದ ಕತ್ತರಿಸುವ ಚಾಕು.

ನನಗೆ ಬೇಜಾರಾದದ್ದು ಬೇರೆ ವಿಷಯಕ್ಕೆ... ಅದು ಮೊಂಡು!

“ಸಾಣೆ ಹಿಡಿಸಿ ಎಷ್ಟು ದಿನ ಆಯ್ತಪ್ಪಾ?” ಎಂದು ಕೇಳಿದೆ.

ಚಾಕು ಹಿಡಿದವನು ಆ ಮನೆಯ ಡ್ರೈವರ್. ಎಲ್ಲರೂ ಗೂಳಿ ಎನ್ನುತ್ತಾರೆ. ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂಬುದು ಅವನ ಟೈಲರ್‌ಗೂ ಗೊತ್ತಿರಲಿಕ್ಕಿಲ್ಲ.

ಬಾಗಿಲಲ್ಲಿ ಮನೆಯ ಯಜಮಾನರು, ಚೌಕಟ್ಟು ಸಾಹೇಬರು. ಹಳೆಯ ಚರಿತ್ರೆ ಪುಸ್ತಕ, ಹಳೆಯ ನಕ್ಷೆ ಎಂದರೆ ಪ್ರಾಣ. ಸಿಕ್ಕಿದ್ದಕ್ಕೆಲ್ಲ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ಅದಕ್ಕೇ ಆ ಹೆಸರು.

ನನ್ನ ಎಡಗೈ ಮೇಲೆ ಒಂದು ರಟ್ಟು. ರಟ್ಟಿನ ಮೇಲೆ ನೂರೈವತ್ತು ವರ್ಷದ ನಕ್ಷೆ. ಬಲಗೈಯಲ್ಲಿ ಸಾಹೇಬರೇ ಕೊಡಿಸಿದ ಚಹಾ. ಲೋಟ ತುಂಬಾ ಇತ್ತು. ಅದನ್ನು ನಕ್ಷೆಯ ಮೇಲಕ್ಕೆ ಸರಿಯಾಗಿ ತಂದೆ.

“ಸಾಹೇಬ್ರೇ, ನಂಗೆ ಎಪ್ಪತ್ತೆರಡು. ಮೊದಲೇ ಕೈ ನಡುಗುತ್ತೆ. ಇವನು ಹೀಗೆ ಹೆದರಿಸಿದ್ರೆ...”

ಸಾಹೇಬರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

“ಗೂಳಿ! ಚಾಕು ತೆಗಿಯೋ, ಕತ್ತೆ!”

ಚಾಕು ಇಳಿಯಿತು. ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ.

ಇಲ್ಲಿಗೆ ಹೇಗೆ ಬಂದು ಸಿಕ್ಕಿಕೊಂಡೆ ಅಂತೀರಾ? ಹೇಳುತ್ತೇನೆ.

ನಾನು ಬೈಂಡರ್. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನು. ಐವತ್ತೈದು ವರ್ಷದಿಂದ ಪುಸ್ತಕ ಹೊಲಿಯುತ್ತಿದ್ದೇನೆ. ಅಕ್ಷರ ಓದುವುದಕ್ಕೆ ತಡವರಿಸುತ್ತೇನೆ. ಕಾಗದ ಓದುವುದಕ್ಕೆ ಇಲ್ಲ.

ಬೆಳಿಗ್ಗೆ ಅಂಗಡಿಗೆ ತಂಗಿಯ ಮಗಳು ಬಂದಳು. ಲೈಬ್ರರಿಯ ಹಳೆಯ ಪುಸ್ತಕಗಳ ಕೋಣೆ ಅವಳ ಕೈಯಲ್ಲಿದೆ. ಕಣ್ಣು ಊದಿಕೊಂಡಿತ್ತು.

“ಮಾಮ, ಪ್ರಾಂತ್ಯದ ಚರಿತ್ರೆ ಪುಸ್ತಕದಲ್ಲಿದ್ದ ನಕ್ಷೆ ಹೋಗಿದೆ. ಬೀರುವಿನ ಕೀಲಿ ಇರೋದು ನನ್ನ ಹತ್ರ, ಕದ್ದೋಳೂ ನಾನೇ ಅಂತಾರೆ ಕಾರ್ಯದರ್ಶಿ. ಸಂಜೆ ನಾಲ್ಕರೊಳಗೆ ಸಿಗದಿದ್ರೆ ಕೆಲಸ ಹೋಯ್ತು. ಪೊಲೀಸರಿಗೂ ಬರೆದು ಕೊಡ್ತಾರಂತೆ!”

“ಅತ್ತು ಮುಗೀತಾ?”

“ಇನ್ನೂ ಸ್ವಲ್ಪ ಇದೆ.”

“ಅದನ್ನ ಆಮೇಲೆ ಅಳು. ಪುಸ್ತಕ ತೋರ್ಸು ನಡಿ.”

ಹೋಗಿ ನೋಡಿದೆ. ಪುಸ್ತಕದ ಒಳಗೆ, ಹೊಲಿಗೆಯ ಪಕ್ಕ, ನಕ್ಷೆಯದೊಂದು ಕಿರಿದಾದ ಪಟ್ಟಿ ಮಾತ್ರ ಉಳಿದಿತ್ತು. ಬೆರಳಾಡಿಸಿದೆ. ಬ್ಲೇಡಿನ ಅಂಚು ನೇರವಾಗಿರುತ್ತದೆ. ಇದು ಹಾಗಿರಲಿಲ್ಲ. ಬೆಕ್ಕಿನ ಮರಿಯ ಕಿವಿಯಂತೆ ಮೆತ್ತಗೆ, ನವಿರಾಗಿ ನಾರು ಎದ್ದಿತ್ತು.

ಆ ಅಂಚು ನನಗೆ ಗುರುತಿತ್ತು.

“ಈ ಪುಸ್ತಕ ಕೊನೇಲಿ ಯಾರು ನೋಡಿದ್ದು?”

“ಚೌಕಟ್ಟು ಸಾಹೇಬ್ರು. ಆದ್ರೆ ಅವರೆದುರು ನಾನೇ ಕೂತಿದ್ದೆ ಮಾಮ! ಅರ್ಧ ಗಂಟೆ ಪುಸ್ತಕ ಮುಚ್ಚಿಟ್ಟು ಅದರ ಮೇಲೆ ಕೈ ಇಟ್ಕೊಂಡು ಬೇರೇನೋ ಓದ್ತಿದ್ರು. ಒಂದು ಸದ್ದಿಲ್ಲ!”

ಸದ್ದಾಗುವುದಿಲ್ಲ. ಉಣ್ಣೆಯ ದಾರವನ್ನು ಒದ್ದೆ ಮಾಡಿ ಹಾಳೆಯ ಬುಡದಲ್ಲಿಟ್ಟು ಪುಸ್ತಕ ಮುಚ್ಚಬೇಕು. ಅರ್ಧ ಗಂಟೆಯಲ್ಲಿ ಕಾಗದ ನೆನೆಯುತ್ತದೆ. ಮೆಲ್ಲಗೆ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ.

ನನಗೆ ಹೇಗೆ ಗೊತ್ತು?

ಹನ್ನೆರಡು ವರ್ಷದ ಹಿಂದೆ ಸಾಹೇಬರು ನನ್ನ ಅಂಗಡಿಗೆ ಬಂದು, ಹರಿದ ಪುಸ್ತಕದಿಂದ ಹಾಳೆಯನ್ನು ಕೆಡಿಸದೆ ಬಿಡಿಸುವುದು ಹೇಗೆಂದು ಕೇಳಿದ್ದರು. ಕೇಳಿದವರಿಗೆ ಹೇಳಿಕೊಡುವುದು ನನ್ನ ಚಟ. ಸ್ಟೂಲ್ ಹಾಕಿ ಕೂರಿಸಿ ಹೇಳಿಕೊಟ್ಟಿದ್ದೆ.

ನಾನೇ ಕಲಿಸಿದ ವಿದ್ಯೆ, ನನ್ನ ಮನೆಯ ಹುಡುಗಿಯ ಕೊರಳಿಗೇ ಬಂದಿತ್ತು!

ನೇರ ಅವರ ಮನೆಗೆ ಹೋದೆ. “ನಿಮ್ಮ ಸಂಗ್ರಹ ನೋಡಿ ತುಂಬಾ ದಿನ ಆಯ್ತು” ಎಂದೆ. ಆ ಮಾತು ಕೇಳಿದರೆ ಅವರು ಯಮನನ್ನೂ ಒಳಗೆ ಕರೆದು ಕೂರಿಸುತ್ತಾರೆ. ಚಹಾ ಬಂತು. ಗೋಡೆಯ ತುಂಬ ನಕ್ಷೆಗಳು. ನನಗೆ ಬೇಕಾದದ್ದು ಅಲ್ಲಿರಲಿಲ್ಲ. ಆದರೆ ಮೇಜಿನ ಮೇಲೆ ನೀರು ಹೀರುವ ಒತ್ತು ಕಾಗದ, ಅದರ ಮೇಲೊಂದು ರಟ್ಟು, ರಟ್ಟಿನ ಮೇಲೆ ಇಸ್ತ್ರಿ ಪೆಟ್ಟಿಗೆ. ಒದ್ದೆ ಹಾಳೆಯನ್ನು ಒಣಗಿಸುವ ಕ್ರಮ... ಅದೂ ನನ್ನದೇ!

ಫೋನ್ ಬಂತೆಂದು ಸಾಹೇಬರು ಎದ್ದುಹೋದರು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿದೆ. ಅಡಿಯಲ್ಲಿ ಅದೇ ನಕ್ಷೆ! ರಟ್ಟಿನ ಮೇಲಿಟ್ಟು ಚಹಾ ಲೋಟದ ಜೊತೆ ಎತ್ತಿಕೊಂಡದ್ದನ್ನು ಗೂಳಿ ನೋಡಿಬಿಟ್ಟ.

ಹಾಗೆ ಚಾಕು ಗಂಟಲಿಗೆ ಬಂದದ್ದು.

ಈಗ ಗೋಡೆಯ ಗಡಿಯಾರದಲ್ಲಿ ಮೂರೂವರೆ. ಲೈಬ್ರರಿ ಎರಡು ಬೀದಿ ಆಚೆ.

ಹೊರಟೆ. ಇಂಥ ಚೇಸ್ ನೀವು ಯಾವ ಸಿನಿಮಾದಲ್ಲೂ ನೋಡಿರಲಾರಿರಿ! ಮುಂದೆ ರಟ್ಟು, ಲೋಟ ಹಿಡಿದ ನಾನು. ಮೂರಡಿ ಹಿಂದೆ ಗೂಳಿ. ಅವನ ಹಿಂದೆ, ಕಾಲಿಗೆ ಚಪ್ಪಲಿಯೂ ಇಲ್ಲದ ಸಾಹೇಬರು.

“ತಾತಾ, ಮೆಟ್ಟಿಲಿದೆ! ನೋಡ್ಕೊಂಡು!” ಸಾಹೇಬರು ಕೂಗಿದರು.

“ನೋಡ್ತಿದೀನಿ.”

“ಲೋಟ ಬಗ್ಗಿದೆ! ನೇರ ಮಾಡಿ!”

“ಗೂಳಿ ಇನ್ನೆರಡಡಿ ಹಿಂದಕ್ಕೆ ಹೋದ್ರೆ ನೇರ ಆಗುತ್ತೆ.”

“ಹೋಗೋ ಹಿಂದೆ!”

ಎರಡನೇ ಬೀದಿಯ ತಿರುವಿನಲ್ಲಿ ಒಂದು ಸೈಕಲ್ ಧುತ್ತೆಂದು ಎದುರಾಯಿತು. ಲೋಟ ವಾಲಿತು. ಇದೇ ಸಮಯವೆಂದು ಗೂಳಿ ಹಾರಿದ...

ಅವನ ಅಂಗಿ ಹಿಡಿದೆಳೆದವರು ಸಾಹೇಬರೇ! ಇಬ್ಬರೂ ಧಡಾರನೆ ಬಿದ್ದರು. ಚಹಾ ನನ್ನ ಪಂಚೆಗೆ ಚೆಲ್ಲಿತು. ನಕ್ಷೆಗೆ ಒಂದು ಹನಿಯೂ ಇಲ್ಲ. ನಾನು ಲೈಬ್ರರಿಯ ಮೆಟ್ಟಿಲು ಹತ್ತಿಬಿಟ್ಟೆ.

ನಾಲ್ಕಕ್ಕೆ ಐದು ನಿಮಿಷ. ಮೇಜಿನ ಆಚೆ ಕಾರ್ಯದರ್ಶಿ, ಮುಂದೆ ಟೈಪ್ ಮಾಡಿದ ಕಾಗದ. ಪಕ್ಕದಲ್ಲಿ ನಮ್ಮ ಹುಡುಗಿ.

ಹಿಂದೆಯೇ ಸಾಹೇಬರು ನುಗ್ಗಿದರು. “ಇದು ನಂದು! ವಿದೇಶದ ಹರಾಜಲ್ಲಿ ಕೊಂಡಿದ್ದು! ಈ ಮುದುಕ ಹಾಡಹಗಲೇ ಕದ್ದಿದಾನೆ!”

ಕಾರ್ಯದರ್ಶಿ ಎದ್ದು ಕುರ್ಚಿ ಕೊಟ್ಟರು. ನನಗಲ್ಲ, ಸಾಹೇಬರಿಗೆ! ಆ ಕೋಣೆಯ ಕುರ್ಚಿಗಳೆಲ್ಲ ಅವರೇ ದಾನ ಕೊಟ್ಟದ್ದು.

“ಒಂದೇ ನಕ್ಷೆಯ ಹತ್ತಾರು ಪ್ರತಿ ಅಚ್ಚಾಗಿರುತ್ತೆ. ಇದು ನಮ್ಮದೇ ಅಂತ ಹೇಗೆ ಹೇಳ್ತೀರಿ?” ಎಂದರು ಕಾರ್ಯದರ್ಶಿ.

ಹುಡುಗಿ ನನ್ನ ಮುಖ ನೋಡಿದಳು.

“ಪುಸ್ತಕ ತೆಗಿ ಮಗಳೇ.”

ನಕ್ಷೆಯನ್ನು ಅದರ ಜಾಗದಲ್ಲಿಟ್ಟೆ. ನವಿರು ಅಂಚಿಗೆ ನವಿರು ಅಂಚು ಕೂಡಿತು. ಅಂಚಿನಿಂದ ಅರ್ಧ ಬೆರಳು ಒಳಗೆ, ಹಿಂದೆಂದೋ ಹುಳು ಕೊರೆದ ಮೂರು ತೂತು. ಜೇಬಿನಿಂದ ಸೂಜಿ ದಾರ ತೆಗೆದೆ. ನಕ್ಷೆಯ ಹಿಂದಿನ ಪುಟದ ತೂತಿಗೆ ಸೂಜಿ ತೂರಿದೆ. ಅದು ನಕ್ಷೆಯನ್ನು ದಾಟಿ, ಮುಂದಿನ ಹತ್ತು ಪುಟ ದಾಟಿ, ಎಲ್ಲೂ ತಡೆಯದೆ ಸರ್ರನೆ ಹೊರಬಂತು. ಎರಡನೆಯದೂ ಹಾಗೇ. ಮೂರನೆಯದೂ.

“ಅಚ್ಚಿನ ಮನೆ ಹತ್ತು ಪ್ರತಿ ಮಾಡಬಹುದು ಸ್ವಾಮಿ. ಹುಳು ಮಾಡಲ್ಲ.”

ಕಾರ್ಯದರ್ಶಿ ತಾವೇ ಬಗ್ಗಿ ದಾರ ಎಳೆದು ನೋಡಿದರು. ಟೈಪ್ ಮಾಡಿದ ಕಾಗದ ಎತ್ತಿ ಎರಡಾಗಿ ಹರಿದರು. ಹುಡುಗಿ ಬೆಳಿಗ್ಗೆ ಉಳಿಸಿಟ್ಟಿದ್ದ ಅಳುವನ್ನೆಲ್ಲ ಅಲ್ಲೇ ಮುಗಿಸಿದಳು.

ಪೊಲೀಸರು ಬರುವವರೆಗೆ ಸಾಹೇಬರು ತಾವೇ ಕೊಟ್ಟ ಕುರ್ಚಿಯಲ್ಲಿ ಕುಸಿದು ಕೂತಿದ್ದರು.

“ತಾತ, ಒಂದೇ ಒಂದು ತಪ್ಪು ಮಾಡಿದೆ ಅಲ್ವಾ? ಅಂಚು ಕತ್ತರಿಸಿದ್ರೆ ತೂತೂ ಹೋಗ್ತಿತ್ತು...”

“ಕತ್ತರಿಸೋದು ತಾನೆ?”

ಅವರು ನಕ್ಷೆಯನ್ನೇ ನೋಡಿದರು. “ಚಾಕು ತಂದಿದ್ದೆ. ಮೂರು ಸಲ ಹಿಡಿದೆ. ಅಂಚು ಹೋದ್ರೆ ಪೂರ್ತಿ ನಕ್ಷೆ ಅಂತಾರೇನ್ರಿ ಅದನ್ನ?”

ನನಗೆ ನಿಜಕ್ಕೂ ಪಾಪ ಅನ್ನಿಸಿತು.

ಬರೀ ಕಳ್ಳನಾಗಿದ್ದರೆ ಕತ್ತರಿಸಿ ಬಚಾವಾಗುತ್ತಿದ್ದ. ಈ ಮನುಷ್ಯ ಸಂಗ್ರಾಹಕ... ಸಿಕ್ಕಿಬಿದ್ದ!